ಬಚ್ಚಲಲ್ಲಿ ಕೊಳಚೆ ಉಕ್ಕಿದರೆ ಆಸಿಡ್ ಬೇಡ, ಮೊದಲು ಚೇಂಬರ್ ತೆರೆಯಿರಿ

ಮೇಲಿನ ಮನೆಯವರು ವಾಷಿಂಗ್ ಮಷೀನ್ ಹಾಕಿದ್ದರು. ಸ್ವಲ್ಪ ಹೊತ್ತಿಗೆ ನಮ್ಮ ಬಚ್ಚಲ ಜಾಲರಿಯಿಂದ ಗುಳುಗುಳು ಸದ್ದು, ಹಿಂದೆಯೇ ಸೋಪಿನ ನೊರೆ ಬೆರೆತ ಕಪ್ಪು ನೀರು. ಬೆಂಗಳೂರಿನ ಹಳೆಯ ಮನೆಗಳಲ್ಲಿ ನೆಲಮಹಡಿಯಲ್ಲಿ ಇರುವವರಿಗೆ ಇದು ಹೊಸದಲ್ಲ. ಎಲ್ಲ ಮಹಡಿಯ ನೀರೂ ಒಂದೇ ಲೈನಿನಲ್ಲಿ ಹೋಗುತ್ತದೆ, ಮುಂದೆ ಎಲ್ಲೋ ಕಟ್ಟಿಕೊಂಡರೆ ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಾಯಿಂದ ಹೊರಗೆ ಬರುತ್ತದೆ, ಆ ಬಾಯಿ ನಮ್ಮ ಬಚ್ಚಲದ್ದು. ಸಿಂಕ್ ಒಂದೇ ನಿಂತರೆ ಅದು ಸಿಂಕಿನ ಪೈಪಿನ ಸಮಸ್ಯೆ ಅಷ್ಟೇ. ಫ್ಲಶ್ ಮಾಡಿದಾಗ ಬಚ್ಚಲು ಗುಳುಗುಟ್ಟಿದರೆ ಮೇನ್ ಲೈನ್ ಬ್ಲಾಕ್ ಆಗಿದೆ ಅಂತ ತಿಳಿಯಿರಿ.

ಮೊದಲು ನೀರು ನಿಲ್ಲಿಸಿ. ಮೇಲಿನವರಿಗೆ ಹೇಳಿ, ಅವರು ಮನೆಯಲ್ಲಿ ಇಲ್ಲದಿದ್ದರೆ ಟ್ಯಾಂಕಿನ ವಾಲ್ವ್ ಮುಚ್ಚಿ.

ಇನ್ನೊಂದು ವಿಷಯ, ಗಾಬರಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ನೀರಿನ ಸಂಪು ಮತ್ತು ಒಳಚರಂಡಿ ಚೇಂಬರು (ಕೊಳಚೆ ಪೈಪಿನ ದಾರಿಯಲ್ಲಿ ಮುಚ್ಚಳ ಇರುವ ಗುಂಡಿ) ಎರಡೂ ಗೇಟಿನ ಪಕ್ಕದಲ್ಲೇ, ನಾಲ್ಕೈದು ಅಡಿ ಅಂತರದಲ್ಲಿ ಇರುತ್ತವೆ. ಚೇಂಬರ್ ಉಕ್ಕಿದರೆ ಕೊಳಚೆ ಸಂಪಿನ ಮುಚ್ಚಳದ ಸಂದಿಯಿಂದ ಒಳಗೆ ಇಳಿಯುತ್ತದೆ. ಅನುಮಾನ ಇದ್ದರೂ ಸಾಕು, ಮೋಟಾರ್ ಹಾಕಬೇಡಿ. ಹಾಕಿದರೆ ಅದೇ ನೀರು ಮೇಲಿನ ಟ್ಯಾಂಕಿಗೆ, ಅಲ್ಲಿಂದ ಅಡುಗೆಮನೆ ನಲ್ಲಿಗೆ ಬರುತ್ತದೆ. ಸಂಪು ಪೂರ್ತಿ ಖಾಲಿ ಮಾಡಿಸಿ, ಉಜ್ಜಿ ತೊಳೆಸಿ, ಕ್ಲೋರಿನ್ ಹಾಕಿಸಿದ ಮೇಲೆಯೇ ಬಳಸಿ.

ಆಸಿಡ್ ಬಾಟಲಿಗೆ ಮಾತ್ರ ಕೈ ಹಾಕಬೇಡಿ. ನೀರು ನಿಂತಿರುವ ಪೈಪಿನಲ್ಲಿ ಅದು ನೀರಲ್ಲಿ ಬೆರೆತು ತೆಳುವಾಗುತ್ತದೆ, ಆಮೇಲೆ ಪೈಪಿಗೆ ಕೈ ಹಾಕುವ ಪ್ಲಂಬರ್ ಕೈ ಸುಡುತ್ತದೆ. ಆಸಿಡ್ ಮೇಲೆ ಬ್ಲೀಚಿಂಗ್ ಪೌಡರ್ ಬಿದ್ದರಂತೂ ಕ್ಲೋರಿನ್ ಗ್ಯಾಸ್ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಅಪಾಯ.

ಈಗ ಚೇಂಬರ್. ಗ್ಲೌಸ್ ಹಾಕಿ, ಮುಚ್ಚಳ ಸರಿಸಿ, ಸ್ವಲ್ಪ ಹೊತ್ತು ದೂರ ನಿಲ್ಲಿ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ. ಮನೆಗೆ ಹತ್ತಿರದ ಚೇಂಬರ್ ಖಾಲಿ ಇದ್ದರೆ ಬ್ಲಾಕ್ ಮನೆಗೂ ಅದಕ್ಕೂ ನಡುವೆ ಇದೆ. ತುಂಬಿದ್ದರೆ ಅದರ ಮುಂದಿನದನ್ನು ತೆರೆಯಿರಿ. ಒಂದು ತುಂಬಿ, ಮುಂದಿನದು ಒಣಗಿದ್ದರೆ ಕಳ್ಳ ಅವೆರಡರ ಮಧ್ಯೆ ಸಿಕ್ಕಿಬಿದ್ದ. ಕೊನೆಯದೂ ತುಂಬಿ, ಅಕ್ಕಪಕ್ಕದ ಮನೆಯವರದ್ದೂ ಇದೇ ಗೋಳಾದರೆ ರಸ್ತೆಯ ಲೈನೇ ಕಟ್ಟಿರುತ್ತದೆ. ಆಗ ಪ್ಲಂಬರಿಗೆ ಸುಮ್ನೆ ದುಡ್ಡು ಕೊಡಬೇಡಿ. ಬೆಂಗಳೂರಲ್ಲಾದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ಬೇರೆ ಊರಲ್ಲಿ ಪಾಲಿಕೆ ಅಥವಾ ಪುರಸಭೆಗೆ ತಿಳಿಸಿ, ಜೋರು ಒತ್ತಡದ ನೀರು ಚಿಮ್ಮಿಸಿ ಬ್ಲಾಕ್ ತೆಗೆಯುವ ಜೆಟ್ಟಿಂಗ್ ಮಷೀನ್ ಕಳಿಸಲು ಕೇಳಿ.

ದಯವಿಟ್ಟು ಯಾರನ್ನೂ ಮ್ಯಾನ್‌ಹೋಲ್ ಒಳಗೆ ಇಳಿಸಬೇಡಿ. "ಐನೂರು ಕೊಡಿ ಸಾರ್, ಎರಡೇ ನಿಮಿಷ" ಅಂತ ಅವರೇ ಬಂದರೂ ಬೇಡ. ಒಳಗಿನ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ, ಎತ್ತಲು ಇಳಿದವನೂ ಉಳಿಯುವುದಿಲ್ಲ. ರಕ್ಷಣೆ ಇಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ. ಇಳಿಸಿದವರು ಜೈಲಿಗೆ ಹೋಗಬೇಕಾಗಬಹುದು.

ವರ್ಷದಲ್ಲಿ ಎರಡು ಮೂರು ಸಲ ಕಟ್ಟಿಕೊಂಡರೆ ಬರೀ ಕಂಬಿಯಿಂದ ಚುಚ್ಚಿಸಿ ಬಿಡಬೇಡಿ, ಪೈಪಿನ ಒಳಗೆ ಏನಿದೆ ಅಂತ ನೋಡಬೇಕು. ಖರ್ಚಿಲ್ಲದ ದಾರಿ ಒಂದಿದೆ. ಎರಡು ಚೇಂಬರಿನ ನಡುವೆ ಪೈಪ್ ನೇರವಾಗಿದ್ದರೆ, ಒಂದರಲ್ಲಿ ಟಾರ್ಚ್ ಹಿಡಿಯಿರಿ, ಇನ್ನೊಂದರಲ್ಲಿ ಕನ್ನಡಿಯನ್ನು ಓರೆಯಾಗಿ ಹಿಡಿದು ನೋಡಿ. ಪೂರ್ಣ ಚಂದ್ರನ ಹಾಗೆ ದುಂಡಗೆ ಬೆಳಕು ಕಂಡರೆ ಪೈಪ್ ಸರಿಯಾಗಿದೆ. ನಮಗೆ ಕಂಡದ್ದು ಅರ್ಧಚಂದ್ರ, ಅದರೊಳಗೆ ತೆಂಗಿನ ನಾರಿನ ಹಾಗೆ ಏನೋ ಜೋತಾಡುತ್ತಿತ್ತು.

ಆಮೇಲೆ ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡುವವರನ್ನು ಕರೆಸಿದೆವು. ಮೊದಲು ಜೆಟ್ಟಿಂಗ್, ಆಮೇಲೆ ಕ್ಯಾಮೆರಾ; ಕೊಳೆ ನೀರಲ್ಲಿ ಕ್ಯಾಮೆರಾ ಬಿಟ್ಟರೆ ಬರೀ ಕತ್ತಲೆ. ನೀವೂ ಪಕ್ಕದಲ್ಲೇ ನಿಂತು ಪರದೆ ನೋಡಿ. ಬೇರು, ಬಿರುಕು, ಜಾರಿದ ಜಾಯಿಂಟ್ ನೋಡಿದರೆ ಗೊತ್ತಾಗುತ್ತದೆ. ಕ್ಯಾಮೆರಾ ನೀರಲ್ಲಿ ಮುಳುಗಿ ಮತ್ತೆ ಎದ್ದರೆ ಅಲ್ಲಿ ಪೈಪ್ ತಗ್ಗಿ ನೀರು ನಿಂತಿದೆ ಅಂತ ಅರ್ಥ. ಎಷ್ಟು ಅಡಿಗೆ ಏನು ಸಿಕ್ಕಿತು ಅಂತ ಕೇಬಲ್ ಅಳತೆ ಬರೆದುಕೊಳ್ಳಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ, ವಿಡಿಯೋ ಕೇಳಿ ಪಡೆಯಿರಿ. ಇದಿಲ್ಲದೆ "ಪೂರ್ತಿ ಅಗೆಯಬೇಕು" ಅಂದರೆ ಒಪ್ಪಬೇಡಿ.

ನಮ್ಮದು ಸುಟ್ಟ ಮಣ್ಣಿನ ಹಳೆಯ ಸ್ಟೋನ್‌ವೇರ್ ಪೈಪ್. ಸಿಮೆಂಟ್ ಜಾಯಿಂಟ್ ಬಿಟ್ಟುಕೊಂಡಿತ್ತು, ಕಾಂಪೌಂಡಿನ ಹೊಂಗೆ ಮರದ ಬೇರು ಆ ಸಂದಿಯಿಂದ ನುಗ್ಗಿತ್ತು, ಅದರಲ್ಲಿ ಕೂದಲು, ಅಡುಗೆ ಜಿಡ್ಡು ಸಿಕ್ಕಿಕೊಂಡು ಗಟ್ಟಿಯಾಗಿತ್ತು. ಅಷ್ಟು ತುಂಡು ಅಗೆದು 110 ಎಂಎಂ ಪಿವಿಸಿ ಹಾಕಿಸಿದೆವು, 40 ಅಡಿಗೆ 1 ಅಡಿ ಲೆಕ್ಕದಲ್ಲಿ ಇಳಿಜಾರು. ತಾರಸಿಯ ಮಳೆನೀರಿನ ಪೈಪನ್ನೂ ಯಾರೋ ಇದೇ ಚೇಂಬರಿಗೆ ಸೇರಿಸಿದ್ದರು. ಬಟ್ಟೆಗೆ ಹಾಕುವ ನೀಲಿಯನ್ನು ನೀರಲ್ಲಿ ಕಲಸಿ ತಾರಸಿಯಿಂದ ಸುರಿದೆವು, ಚೇಂಬರಿನಲ್ಲಿ ನೀಲಿ ಬಂತು. ಅವತ್ತೇ ಅದನ್ನು ಬಿಡಿಸಿ ಮಳೆಕೊಯ್ಲಿನ ಗುಂಡಿಗೆ ತಿರುಗಿಸಿದೆವು.