ಗಡಿಯಾಚೆಯ ಕಸ್ಟಮ್ಸ್‌ನಿಂದ ಉತ್ತರ ಪಡೆಯುವ ಬಗೆ: ನನ್ನ ಅನುಭವ

“ಈ ಕಂಪನಿಯ ಬಗ್ಗೆ ನಿಮ್ಮಲ್ಲಿರುವ ಎಲ್ಲ ಮಾಹಿತಿಯನ್ನೂ ಕಳುಹಿಸಿ” ಎಂದು ಬೇರೆ ದೇಶದ ಕಸ್ಟಮ್ಸ್‌ಗೆ ಬರೆದರೆ ಉತ್ತರ ಬರುವುದಿಲ್ಲ. ಬಂದರೂ ಪತ್ರ ತಲುಪಿದೆ ಎಂಬ ಒಂದು ಸಾಲು ಬರಬಹುದು, ಅಷ್ಟೇ. ಆ ಕಡೆ ಕೂತ ಅಧಿಕಾರಿಗೆ ಸಹಾಯ ಮಾಡುವ ಮನಸ್ಸಿಲ್ಲವೆಂದಲ್ಲ. ಯಾವ ದಾಖಲೆ ತೆಗೆಯಬೇಕು, ಯಾವ ಕಾನೂನಿನಡಿ ಕೊಡಬೇಕು ಎಂಬುದು ಅಂಥ ಪತ್ರದಲ್ಲಿ ಇರುವುದೇ ಇಲ್ಲ. ರಫ್ತು ಘೋಷಣೆಯ ಸಂಖ್ಯೆ, ಕಂಟೇನರ್ ಸಂಖ್ಯೆ, ಹಡಗು ಹೊರಟ ದಿನಾಂಕ ಕೊಟ್ಟು ಇಂಥ ಇನ್‌ವಾಯ್ಸಿನ ಪ್ರತಿ ಬೇಕು ಎಂದು ಕೇಳಿದರೆ ಅದೇ ಅಧಿಕಾರಿ ಕೆಲವೇ ಹೊತ್ತಿನಲ್ಲಿ ಅದನ್ನು ತೆಗೆಯಬಲ್ಲರು. ಕಸ್ಟಮ್ಸ್ ತನಿಖೆಗಾಗಿ ಇಂಥ ಪತ್ರಗಳನ್ನು, ಅಂದರೆ ಪರಸ್ಪರ ಸಹಾಯದ ಕೋರಿಕೆಗಳನ್ನು ಸಿದ್ಧಪಡಿಸುವಾಗ ನಾನು ಪಾಲಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಹೊರಗೆ ಕೇಳುವ ಮೊದಲು ನಮ್ಮ ಕಡೆಯ ಪರಿಶೀಲನೆ ಮುಗಿದಿರಬೇಕು. ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮಗೊಳಿಸುವಿಕೆ ಒಪ್ಪಂದ ಜಾರಿಗೆ ಬಂದದ್ದು 2017ರ ಫೆಬ್ರವರಿ 22ರಂದು. ಅದರ 12ನೇ ವಿಧಿ ಇದನ್ನೇ ಹೇಳುತ್ತದೆ: ಆಮದು ಘೋಷಣೆಯನ್ನು ತಾನು ತಪಾಸಣೆ ಮಾಡಿ, ಕೈಗೆ ಸಿಗುವ ದಾಖಲೆಗಳನ್ನೆಲ್ಲ ನೋಡಿದ ಮೇಲೆ ಮಾತ್ರ ಒಂದು ದೇಶ ಇನ್ನೊಂದನ್ನು ಕೇಳಬೇಕು. ಅದೂ ಗುರುತಿಸಿದ ಪ್ರಕರಣದಲ್ಲಿ, ಅನುಮಾನಕ್ಕೆ ತಕ್ಕ ಕಾರಣ ಇದ್ದಾಗ. ಹಲವು ಕೋರಿಕೆಗಳು ಮುಗ್ಗರಿಸುವುದು ಈ ಹಂತದಲ್ಲೇ.

ನಾನು ಮೊದಲು ನೋಡುವುದು ಕಂಟೇನರ್ ಸಂಖ್ಯೆಯನ್ನು. ಅದರಲ್ಲಿ 4 ಅಕ್ಷರ, 6 ಅಂಕಿ, ಕೊನೆಗೆ ಒಂದು ತಾಳೆ ಅಂಕಿ ಇರುತ್ತದೆ. ಐಎಸ್‌ಒ 6346 ಮಾನದಂಡದಂತೆ ಎ ಅಕ್ಷರಕ್ಕೆ 10, ಬಿಗೆ 12, ಸಿಗೆ 13, ಹೀಗೆ 11ರ ಗುಣಕಗಳನ್ನು ಬಿಟ್ಟು ಮುಂದೆ ಸಾಗುವ ಬೆಲೆಗಳಿವೆ. ಮೊದಲ ಸ್ಥಾನವನ್ನು 1ರಿಂದ, ಎರಡನೆಯದನ್ನು 2ರಿಂದ, ಮೂರನೆಯದನ್ನು 4ರಿಂದ, ಹೀಗೆ ದುಪ್ಪಟ್ಟಾಗುತ್ತ ಹತ್ತನೆಯದನ್ನು 512ರಿಂದ ಗುಣಿಸಿ ಕೂಡಿಸಬೇಕು. ಮೊತ್ತವನ್ನು 11ರಿಂದ ಭಾಗಿಸಿದಾಗ ಉಳಿಯುವ ಶೇಷವೇ ತಾಳೆ ಅಂಕಿ; ಶೇಷ 10 ಬಂದರೆ 0. ಸಿ-ಎಸ್-ಕ್ಯೂ-ಯು 305438 ಎಂಬ ಸಂಖ್ಯೆಗೆ ಮೊತ್ತ 6185, ಶೇಷ 3, ಆದ್ದರಿಂದ ಕೊನೆಯ ಅಂಕಿ 3. ಲೆಕ್ಕ ಹೊಂದದಿದ್ದರೆ ಟೈಪ್ ಮಾಡುವಾಗ ತಪ್ಪಾಗಿರಬಹುದು, ಇಲ್ಲವೇ ಸಂಖ್ಯೆಯೇ ಕಟ್ಟಿದ್ದಾಗಿರಬಹುದು. ಯಾವುದೇ ಇರಲಿ, ಆ ಸಂಖ್ಯೆಯನ್ನು ಹಾಗೇ ಹೊರದೇಶಕ್ಕೆ ಕಳುಹಿಸಿದರೆ ಅಲ್ಲಿಂದ “ದಾಖಲೆ ಇಲ್ಲ” ಎಂದೇ ಬರುತ್ತದೆ. ಆ ಉತ್ತರವನ್ನು ಸರಕು ಅಲ್ಲಿಂದ ಹೊರಟೇ ಇಲ್ಲ ಎಂದು ಓದಿಕೊಂಡು ತನಿಖೆ ದಾರಿ ತಪ್ಪುವುದುಂಟು.

ಎರಡನೆಯದು ತೂಕ. 2016ರ ಜುಲೈ 1ರಿಂದ, ತುಂಬಿದ ಕಂಟೇನರಿನ ಒಟ್ಟು ತೂಕವನ್ನು ದೃಢೀಕರಿಸದೆ ಹಡಗಿಗೆ ಏರಿಸುವಂತಿಲ್ಲ. ಈ ಅಂಕಿ ಹಡಗು ಕಂಪನಿ ಮತ್ತು ಟರ್ಮಿನಲ್ ಬಳಿ ಇರುತ್ತದೆ; ಕಸ್ಟಮ್ಸ್ ಘೋಷಣೆಯಲ್ಲಿ ಬರೆದ ತೂಕ ಬೇರೆ ದಾರಿಯಿಂದ ಬರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 40 ಅಡಿಯ ಖಾಲಿ ಕಂಟೇನರ್ ಸುಮಾರು 3.8 ಟನ್, 20 ಅಡಿಯದು ಸುಮಾರು 2.2 ಟನ್ ತೂಗುತ್ತದೆ. ದೃಢೀಕೃತ ತೂಕದಲ್ಲಿ ಇದನ್ನು ಕಳೆದಾಗ ಸಿಗುವುದು ಸರಕು, ಪ್ಯಾಕಿಂಗ್ ಮತ್ತು ಪ್ಯಾಲೆಟ್‌ಗಳ ತೂಕ. ಘೋಷಿಸಿದ ತೂಕಕ್ಕೂ ಇದಕ್ಕೂ ಕೆಲವು ಟನ್‌ಗಳ ಅಂತರ ಇದ್ದರೆ ಅದು ಪ್ಯಾಲೆಟ್ಟಿನಿಂದ ಆದದ್ದಲ್ಲ. ಟೈಲ್ಸ್, ಕಲ್ಲಿನಂಥ ಭಾರದ ಸರಕಿಗೆ 20 ಅಡಿಯ ಕಂಟೇನರಿನಲ್ಲೇ ತೂಕದ ಮಿತಿ ಮುಟ್ಟುತ್ತದೆ. ಹಾಗಿರುವಾಗ ಯಾರಾದರೂ 40 ಅಡಿಯದಕ್ಕೆ ಹೆಚ್ಚಿನ ಬಾಡಿಗೆ ಕೊಟ್ಟಿದ್ದರೆ ಏಕೆ ಎಂದು ಕೇಳಲೇಬೇಕು. ಸಿಗರೇಟಿನದು ಇದರ ತದ್ವಿರುದ್ಧ. ಒಂದು ದೊಡ್ಡ ಪೆಟ್ಟಿಗೆಯಲ್ಲಿ 10,000 ಸಿಗರೇಟು, 40 ಅಡಿ ಕಂಟೇನರಿನಲ್ಲಿ ಸುಮಾರು 1 ಕೋಟಿ ಸಿಗರೇಟು ಹಿಡಿಯುತ್ತದೆ. ಜಾಗವೆಲ್ಲ ತುಂಬಿದರೂ ತೂಕ ಕಡಿಮೆಯೇ.

ಇಷ್ಟಾದ ಮೇಲೆ ಯಾವ ದಾರಿಯಲ್ಲಿ ಕೇಳಬೇಕೆಂಬ ಪ್ರಶ್ನೆ. ಎರಡು ದೇಶಗಳ ನಡುವೆ ನೇರ ಕಸ್ಟಮ್ಸ್ ಒಪ್ಪಂದ ಇದ್ದರೆ ಅದೇ ಗಟ್ಟಿ. ಇಲ್ಲದಿದ್ದರೆ ಕಸ್ಟಮ್ಸ್ ಅಪರಾಧ ತಡೆಯಲು ದೇಶಗಳು ಪರಸ್ಪರ ನೆರವಾಗುವ 1977ರ ನೈರೋಬಿ ಒಡಂಬಡಿಕೆ ಇದೆ, ಆದರೆ ಅದರಲ್ಲೊಂದು ಸೂಕ್ಷ್ಮ. ಅದಕ್ಕೆ 11 ಅನುಬಂಧಗಳಿವೆ, ಒಂದನ್ನಾದರೂ ಒಪ್ಪಿದರೆ ಸದಸ್ಯತ್ವ ಸಿಗುತ್ತದೆ. ಆದ್ದರಿಂದ ಆ ದೇಶ ಸದಸ್ಯ ಎಂದು ತಿಳಿದರೆ ಸಾಲದು. ನಮಗೆ ಬೇಕಾದ ಅನುಬಂಧವನ್ನು ನಾವೂ ಅವರೂ ಇಬ್ಬರೂ ಒಪ್ಪಿದ್ದೇವೆಯೇ ಎಂದು ನೋಡಬೇಕು. ಘೋಷಣೆಯ ಸತ್ಯಾಸತ್ಯ ತಿಳಿಯುವುದಷ್ಟೇ ಉದ್ದೇಶವಾದರೆ ಮೇಲೆ ಹೇಳಿದ 12ನೇ ವಿಧಿ ಸಾಕು. ಸಾಗಣೆ ನಡೆಯುತ್ತಲೇ ಇದ್ದು ಗಂಟೆಗಳ ಲೆಕ್ಕದಲ್ಲಿ ಸುಳಿವು ಮುಟ್ಟಿಸಬೇಕಿದ್ದರೆ ವಿಶ್ವ ಕಸ್ಟಮ್ಸ್ ಸಂಸ್ಥೆಯ ಪ್ರಾದೇಶಿಕ ಗುಪ್ತಚರ ಸಂಪರ್ಕ ಕಚೇರಿ ಅಥವಾ ಸೆನ್‌ಕಾಮ್ ಎಂಬ ಸುರಕ್ಷಿತ ಸಂದೇಶ ಜಾಲವೇ ದಾರಿ. ಜಾಲದಲ್ಲಿ ಬಂದದ್ದು ಸುಳಿವು ಮಾತ್ರ, ಪುರಾವೆಯಲ್ಲ ಎಂಬುದನ್ನು ಕಡತದ ಮೇಲೆಯೇ ಬರೆದಿಡುವುದು ಒಳ್ಳೆಯದು, ಏಕೆಂದರೆ ತಿಂಗಳುಗಳ ನಂತರ ಕಡತ ಹಿಡಿಯುವವರಿಗೆ ಆ ವ್ಯತ್ಯಾಸ ಕಾಣುವುದಿಲ್ಲ.

ಪತ್ರದಲ್ಲಿ ಇರಲೇಬೇಕಾದದ್ದು: ಪ್ರಕರಣ ಏನು, ಆಮದು ಘೋಷಣೆಗೆ ಸಂವಾದಿಯಾದ ರಫ್ತು ಘೋಷಣೆಯ ಸಂಖ್ಯೆ ಗೊತ್ತಿದ್ದರೆ ಅದು, ಮಾಹಿತಿ ಯಾವ ಉದ್ದೇಶಕ್ಕೆ, ಸಂಬಂಧಪಟ್ಟವರ ಹೆಸರು ವಿಳಾಸ, ನಮ್ಮ ತಪಾಸಣೆ ಮುಗಿದಿದೆ ಎಂಬ ದೃಢೀಕರಣ, ಬೇಕಾದ ದಾಖಲೆಗಳ ನಿರ್ದಿಷ್ಟ ಪಟ್ಟಿ, ಕೇಳುತ್ತಿರುವ ಕಚೇರಿ, ಗೋಪ್ಯತೆ ಕಾಯುವ ನಮ್ಮ ಕಾನೂನಿನ ಉಲ್ಲೇಖ. ಕೊನೆಯದನ್ನು ಬಹಳ ಮಂದಿ ಬಿಡುತ್ತಾರೆ. ಅದಿಲ್ಲದಿದ್ದರೆ ಆ ಕಡೆಯ ಕಾನೂನು ವಿಭಾಗ ಕಡತವನ್ನು ತಡೆಹಿಡಿಯುತ್ತದೆ, ಮತ್ತು ಅವರು ಮಾಡುವುದು ಸರಿಯೇ. ಇದೇ ಬಗೆಯ ಕೋರಿಕೆ ಅವರಿಂದ ಬಂದರೆ ನಾವು ಪೂರೈಸಲಾಗದು ಎಂದಿದ್ದರೆ ಅದನ್ನೂ ಮುಚ್ಚಿಡದೆ ಬರೆಯಬೇಕು. ಉತ್ತರಕ್ಕೆ ಸಾಧ್ಯವಾದ ಮಟ್ಟಿಗೆ 90 ದಿನ ಎಂದು ಮೇಲಿನ 12ನೇ ವಿಧಿ ಹೇಳುತ್ತದೆ. ಆಮದುದಾರನಿಗೆ ನಾವು ಕೊಡಬೇಕಾದ ನೋಟಿಸಿನ ಕಾಲಮಿತಿ ಅದಕ್ಕಿಂತ ಮೊದಲೇ ಮುಗಿಯುವಂತಿದ್ದರೆ ಆ ದಿನಾಂಕವನ್ನು ಪತ್ರದ ಮೊದಲ ಪ್ಯಾರಾದಲ್ಲೇ ಹಾಕುತ್ತೇನೆ. ಹಳೆಯ ಸಾಗಣೆಯಾದರೆ ಇನ್ನೂ ಅವಸರ ಬೇಕು. ದಾಖಲೆ ಇಟ್ಟುಕೊಳ್ಳಬೇಕಾದ ಅವಧಿ ದೇಶದಿಂದ ದೇಶಕ್ಕೆ ಬೇರೆ, ಅದು ಮುಗಿದ ಮೇಲೆ ಬಂದ ಕೋರಿಕೆಯನ್ನು ನಿರಾಕರಿಸಬಹುದು.

ಸರಕು ಮೂರನೇ ದೇಶದ ಮುಕ್ತ ವಲಯದ (ಆಮದು ಸುಂಕ ಕಟ್ಟದೆ ಸರಕು ಇಟ್ಟು ಮುಂದೆ ಸಾಗಿಸಬಹುದಾದ ಜಾಗದ) ಮೂಲಕ ಬಂದಿದ್ದರೆ ಒಂದೇ ಪತ್ರ ನಡೆಯುವುದಿಲ್ಲ. ಅಲ್ಲಿ ಹಳೆಯ ಬಿಲ್ ಆಫ್ ಲೇಡಿಂಗ್ (ಸರಕಿಗೆ ಹಡಗು ಕಂಪನಿ ಕೊಡುವ ಸಾಗಣೆ ರಸೀದಿ) ಹಿಂಪಡೆದು ಹೊಸದನ್ನು ಕೊಡಿಸಿಕೊಳ್ಳುತ್ತಾರೆ, ಸರಕು ಬೇರೆ ಕಂಟೇನರಿಗೆ ಸೇರುತ್ತದೆ, ಮೂಲ ರಫ್ತುದಾರನ ಹೆಸರೇ ಅಳಿಸಿಹೋಗುತ್ತದೆ. ಆ ದೇಶದಲ್ಲಿ ರಫ್ತು ಘೋಷಣೆ ಕೇಳಿದರೆ ಏನೂ ಸಿಗದೇ ಹೋಗಬಹುದು. ಕೇಳಬೇಕಾದದ್ದು ವಲಯದ ಒಳಬಂದ ಮತ್ತು ಹೊರಹೋದ ದಾಖಲೆ, ಕಂಟೇನರ್ ಬದಲಾದ ದಿನ, ಹಳೆಯ ಹೊಸ ಸೀಲ್ ಸಂಖ್ಯೆಗಳು, ಹಿಂಪಡೆದ ಬಿಲ್ಲಿನ ಪ್ರತಿ. ಇವು ಬಂದ ಮೇಲೆ ಮೂಲ ದೇಶಕ್ಕೆ ಎರಡನೇ ಪತ್ರ.

ಉತ್ತರ ಬಂದಾಗ ಅವರ ರಫ್ತು ಬೆಲೆಗೂ ನಮ್ಮ ಆಮದು ಬೆಲೆಗೂ ವ್ಯತ್ಯಾಸ ಕಂಡೊಡನೆ ವಂಚನೆ ಎಂದು ಬರೆಯಬಾರದು. ರಫ್ತು ಬೆಲೆ ಸಾಮಾನ್ಯವಾಗಿ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನದು. ಅನೇಕ ದೇಶಗಳು ಆಮದಿನ ಬೆಲೆಗೆ ಸಾಗಣೆ ಖರ್ಚು ಮತ್ತು ವಿಮೆಯನ್ನೂ ಸೇರಿಸುತ್ತವೆ. ಹೀಗಾಗಿ ಆಮದು ಬೆಲೆ ತುಸು ಹೆಚ್ಚಿರುವುದು ಸಹಜ, ರಫ್ತು ಬೆಲೆಗಿಂತ ಕಡಿಮೆ ಇರುವುದು ಅಸಹಜ. ಆಮೇಲೆ ಅಳತೆಯ ಘಟಕ: ಒಂದು ಕಡೆ ಕಿಲೋ, ಇನ್ನೊಂದು ಕಡೆ ನಗ. ಸರಕಿನ ಬಗೆಯನ್ನು ಗುರುತಿಸುವ ಅಂತಾರಾಷ್ಟ್ರೀಯ ಎಚ್‌ಎಸ್ ಸಂಕೇತದ ಮೊದಲ 6 ಅಂಕಿ ಮಾತ್ರ ಎಲ್ಲೆಡೆ ಒಂದೇ, ಮುಂದಿನವು ಆಯಾ ದೇಶದವು; 6 ಅಂಕಿಯಲ್ಲೂ ಒಬ್ಬರು 2022ರ ಆವೃತ್ತಿ, ಇನ್ನೊಬ್ಬರು ಹಿಂದಿನದು ಬಳಸುತ್ತಿದ್ದರೆ ಒಂದೇ ವಸ್ತು ಎರಡು ಸಂಕೇತದಲ್ಲಿ ಕೂತಿರುತ್ತದೆ. ಇವೆಲ್ಲ ಸರಿಹೋದ ಮೇಲೂ ಒಂದೇ ಇನ್‌ವಾಯ್ಸ್ ಸಂಖ್ಯೆ, ಒಂದೇ ದಿನಾಂಕಕ್ಕೆ ಎರಡು ಬೆಲೆಗಳಿದ್ದರೆ ಅದು ಗಟ್ಟಿ ಪುರಾವೆಯ ಆರಂಭ. ಇನ್‌ವಾಯ್ಸ್ ಸಂಖ್ಯೆಗಳೇ ಬೇರೆಯಾಗಿದ್ದರೆ ನಡುವೆ ಮೂರನೇ ದೇಶದ ಮಧ್ಯವರ್ತಿ ಕಂಪನಿ ಇದೆಯೇ ಎಂದು ಮೊದಲು ನೋಡಿ. ಬೆಲೆಯ ಅಂತರ ಆ ಕಂಪನಿಯ ನ್ಯಾಯವಾದ ಲಾಭವೂ ಆಗಿರಬಹುದು, ಹಣ ಹೊರಸಾಗಿಸುವ ದಾರಿಯೂ ಆಗಿರಬಹುದು. ಅದನ್ನು ತೀರ್ಮಾನಿಸುವುದು ಹಣ ಪಾವತಿಯ ದಾಖಲೆ.

ಮಾದಕ ವಸ್ತುವಿನ ಸಾಗಣೆ ಪತ್ತೆಯಾದಾಗ ಪ್ರಶ್ನೆಯೇ ಬೇರೆ: ಇಲ್ಲೇ ಹಿಡಿಯುವುದೋ, ಕಣ್ಗಾವಲಿನಲ್ಲಿ ಮುಂದೆ ಬಿಟ್ಟು ಪಡೆಯುವವರನ್ನು ಹಿಡಿಯುವುದೋ. ಮಾದಕ ವಸ್ತು ಸಾಗಣೆ ತಡೆಯುವ 1988ರ ವಿಯೆನ್ನಾ ಒಡಂಬಡಿಕೆಯ 11ನೇ ವಿಧಿ ಈ ಎರಡನೆಯ ದಾರಿಗೆ, ಅಂದರೆ ನಿಯಂತ್ರಿತ ವಿತರಣೆಗೆ ಅವಕಾಶ ಕೊಡುತ್ತದೆ, ಪ್ರತಿ ಪ್ರಕರಣಕ್ಕೂ ಪ್ರತ್ಯೇಕ ನಿರ್ಧಾರದ ಮೇಲೆ. ಸರಕನ್ನು ಪೂರ್ತಿ ಅಥವಾ ಭಾಗಶಃ ತೆಗೆದು ಬೇರೆ ವಸ್ತು ಇಡುವುದಕ್ಕೂ ಅದರಲ್ಲಿ ಅವಕಾಶವಿದೆ. ದಾರಿಯ ಎಲ್ಲ ದೇಶಗಳೂ ಒಪ್ಪಬೇಕು. ಕಂಡೊಡನೆ ಜಪ್ತಿ ಮಾಡಲೇಬೇಕೆಂಬ ಕಾನೂನು ಒಂದರಲ್ಲಿದ್ದರೂ ಯೋಜನೆ ಅಲ್ಲೇ ನಿಲ್ಲುತ್ತದೆ. ಕಂಟೇನರ್ ಬಾಗಿಲ ಹತ್ತಿರವೇ ಚೀಲ ಎಸೆದು ನಕಲಿ ಸೀಲ್ ಹಾಕುವ ಪದ್ಧತಿಯಲ್ಲಿ ಆಮದುದಾರನಿಗೆ ವಿಷಯವೇ ಗೊತ್ತಿರುವುದಿಲ್ಲ. ಅಲ್ಲಿ ಅವನ ಗೋದಾಮಿನವರೆಗೆ ಹಿಂಬಾಲಿಸಿ ಪ್ರಯೋಜನವಿಲ್ಲ, ಚೀಲ ತೆಗೆಯಲು ಜನ ಬರುವುದು ಬಂದರಿನ ಅಂಗಳಕ್ಕೇ.

ಬಂದ ಮಾಹಿತಿಯನ್ನು ಕೋರಿದ ಉದ್ದೇಶಕ್ಕಷ್ಟೇ ಬಳಸಬೇಕು. ಪೊಲೀಸರಿಗೋ ತೆರಿಗೆ ಇಲಾಖೆಗೋ ದಾಟಿಸಬೇಕಿದ್ದರೆ ಕಳುಹಿಸಿದ ದೇಶದ ಲಿಖಿತ ಒಪ್ಪಿಗೆ ಮೊದಲು. ನ್ಯಾಯಾಲಯಕ್ಕೆ ಕೊಡುವುದಾದರೆ ದೃಢೀಕೃತ ಪ್ರತಿಗಳನ್ನು ಬೇರೆಯಾಗಿಯೇ ಕೇಳಬೇಕು. ಸಂಘಟಿತ ಅಪರಾಧವಾದರೆ 2000ದ ಪಲೆರ್ಮೊ ಒಡಂಬಡಿಕೆಯ 18ನೇ ವಿಧಿಯಡಿ ಕೇಂದ್ರ ಪ್ರಾಧಿಕಾರದ (ಇಂಥ ಕೋರಿಕೆಗಳಿಗೆಂದೇ ಪ್ರತಿ ದೇಶ ಗೊತ್ತುಮಾಡಿದ ಕಚೇರಿಯ) ಮೂಲಕ ಕಾನೂನು ನೆರವು ಕೋರಬಹುದು. ಆ ಕೋರಿಕೆ ನಿಧಾನ, ಆದ್ದರಿಂದ ಕಸ್ಟಮ್ಸ್ ಉತ್ತರ ಬಂದ ದಿನವೇ ಅದರ ಕರಡು ಶುರುವಾಗಬೇಕು.

ಪ್ರಕರಣ ಮುಗಿದಾಗ ಫಲಿತಾಂಶವನ್ನು ಉತ್ತರಿಸಿದ ಕಚೇರಿಗೆ ಬರೆಯುತ್ತೇನೆ: ಸಿಕ್ಕ ಪ್ರಮಾಣ, ಅಡಗಿಸಿದ ರೀತಿ, ಸೀಲಿನ ಚಿತ್ರ, ಏನೂ ಸಿಗದಿದ್ದರೆ ಅದನ್ನೂ. ಏನೂ ಸಿಗಲಿಲ್ಲ ಎಂಬ ವರದಿಯಿಂದ ಅವರ ಅಪಾಯ ಸೂಚಿಯಲ್ಲಿ ಒಬ್ಬ ಪ್ರಾಮಾಣಿಕ ರಫ್ತುದಾರನ ಹೆಸರು ಕೆಳಗಿಳಿಯಬಹುದು. ಜಪ್ತಿಯಾಗಿದ್ದರೆ ವಿಶ್ವ ಕಸ್ಟಮ್ಸ್ ಸಂಸ್ಥೆಯ ಜಪ್ತಿಗಳ ದತ್ತಾಂಶವಾದ ಸೆನ್‌ಗೂ ಸೇರಿಸುತ್ತೇನೆ, ಅಲ್ಲಿ ವ್ಯಕ್ತಿಗಳ ಹೆಸರು ಹಾಕುವುದಿಲ್ಲ. ಮಾರ್ಗ, ಸರಕಿನ ಸಂಕೇತ, ಅಡಗುತಾಣ, ತೂಕ ಸಾಕು.