ಗೇಟು ದಾಟುವ ಕೆಂಪು ನೀರನ್ನು ಹಿಡಿಯುವುದು ಹೇಗೆ?

ಬೆಂಗಳೂರಿನ ಹೊರವಲಯದ ಒಂದು ಅಪಾರ್ಟ್‌ಮೆಂಟ್ ಕಾಮಗಾರಿಗೆ ಹೋಗಿದ್ದಾಗ ಸೈಟಿನಿಂದ ಹೊರಹೋಗುವ ಮಳೆನೀರಿನ ತಪಾಸಣೆಯ ರಿಜಿಸ್ಟರ್ ಕೇಳಿದೆ. ಅಚ್ಚುಕಟ್ಟಾದ ಪುಸ್ತಕ ಬಂತು. ಪ್ರತಿ ದಿನಾಂಕದ ಮುಂದೆ ‘ಸರಿ ಇದೆ’ ಎಂಬ ಬರಹ, ಪಕ್ಕದಲ್ಲಿ ಸಹಿ. ಪುಟ ತಿರುಗಿಸುತ್ತಾ ಹೋದರೆ ಜೂನ್ 31ರಂದೂ ಎಲ್ಲವೂ ಸರಿಯಾಗಿಯೇ ಇತ್ತು! ಅದೇ ಹೊತ್ತಿನಲ್ಲಿ ಟಿಪ್ಪರ್‌ಗಳು ಓಡಾಡುವ ಗೇಟಿನ ಅಡಿಯಿಂದ ಚಹಾ ಬಣ್ಣದ ನೀರು ರಸ್ತೆ ಬದಿಯ ಮೋರಿಗೆ ಇಳಿಯುತ್ತಿತ್ತು. ಅಂದಿನಿಂದ ನಾನು ಮೊದಲು ಗೇಟಿನ ಹೊರಗೆ ನಿಂತು ನೋಡುತ್ತೇನೆ. ರಿಜಿಸ್ಟರ್ ಆಮೇಲೆ.

ಬೆಂಗಳೂರು ದಿಣ್ಣೆಯ ಮೇಲೆ ಕುಳಿತ ಊರು. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳತ್ತ ಇಳಿದು, ರಾಜಕಾಲುವೆ ಹಿಡಿದು, ಕೆರೆಯಿಂದ ಕೆರೆಗೆ ಸಾಗುತ್ತದೆ. ಪಾಯ ತೆಗೆದ ಮಣ್ಣೂ ಅದರ ಜೊತೆಗೇ ಹೊರಡುತ್ತದೆ. ಮೋರಿಯಲ್ಲಿ ಒಂದು ಅಡಿ ಹೂಳು ಕುಳಿತರೆ ನೀರಿಗೆ ಅಷ್ಟೇ ಜಾಗ ಕಡಿಮೆ. 2022ರ ಸೆಪ್ಟೆಂಬರ್ ಮೊದಲ ವಾರ ನಗರದಲ್ಲಿ 24 ಗಂಟೆಗಳಲ್ಲಿ 131.6 ಮಿ.ಮೀ. ಮಳೆ ಸುರಿದು ಹೊರವರ್ತುಲ ರಸ್ತೆ ಮುಳುಗಿದಾಗ ಎಲ್ಲರೂ ಒತ್ತುವರಿಯ ಬಗ್ಗೆ ಮಾತನಾಡಿದರು. ಸರಿಯಾದ ಮಾತೇ. ಆದರೆ ಹೂಳಿನ ಬಗ್ಗೆ ಮಾತನಾಡಿದವರು ಕಡಿಮೆ.

ಯಾವ ಕಾನೂನು?

ನಮ್ಮಲ್ಲಿ ಮಳೆನೀರು ತಪಾಸಣೆಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಹೊಣೆ ಹಲವು ಕಡೆ ಹಂಚಿಹೋಗಿದೆ. 1974ರ ಜಲ ಕಾಯ್ದೆಯ 24ನೇ ಕಲಂ ಹರಿಯುವ ನೀರಿಗೆ ಮಲಿನ ವಸ್ತು ಬಿಡುವುದನ್ನು ನಿಷೇಧಿಸುತ್ತದೆ. ‘ಅಲ್ಲಿ ಹೊಳೆ ಎಲ್ಲಿದೆ ಸಾರ್, ಒಣ ಹಳ್ಳ ತಾನೆ’ ಎನ್ನುವವರಿಗೆ ಹೇಳಬೇಕಾದ್ದು: ಸದ್ಯಕ್ಕೆ ಬತ್ತಿರುವ ಹಳ್ಳವೂ ಆ ಕಾಯ್ದೆಯ ವ್ಯಾಖ್ಯಾನದೊಳಗೆ ಬರುತ್ತದೆ. 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ನಿರ್ಮಾಣ ವಿಸ್ತೀರ್ಣದ ಕಟ್ಟಡಕ್ಕೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಅದರ ಷರತ್ತುಗಳನ್ನು ಪಾಲಿಸಿದ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಕಟ್ಟಡ ತ್ಯಾಜ್ಯ ಚರಂಡಿಗೆ ಅಡ್ಡವಾಗಬಾರದು ಎಂದು 2016ರ ತ್ಯಾಜ್ಯ ನಿಯಮಗಳೇ ಹೇಳಿದ್ದವು.

ಎಷ್ಟು ದಿನಕ್ಕೊಮ್ಮೆ ಸುತ್ತಾಡಿ ನೋಡಬೇಕು ಎಂಬುದಕ್ಕೆ ಇಲ್ಲಿ ಸ್ಪಷ್ಟ ಲೆಕ್ಕ ಸಿಗುವುದಿಲ್ಲ. ಆ ಲೆಕ್ಕವನ್ನು ನಾನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2022ರ ನಿರ್ಮಾಣ ಪರವಾನಗಿಯಿಂದ ಎರವಲು ಪಡೆದಿದ್ದೇನೆ. ಅಲ್ಲಿ ಒಂದು ಎಕರೆ ನೆಲ ಅಗೆದರೂ ಪರವಾನಗಿ ಬೇಕು. ತಪಾಸಣೆ ಏಳು ದಿನಕ್ಕೊಮ್ಮೆ; ಇಲ್ಲವೇ 14 ದಿನಕ್ಕೊಮ್ಮೆ ಮಾಡಿ, ಜೊತೆಗೆ ಕಾಲು ಇಂಚು, ಅಂದರೆ ಆರು ಮಿ.ಮೀ.ಗಿಂತ ತುಸು ಹೆಚ್ಚು ಮಳೆ ಬಿದ್ದ 24 ಗಂಟೆಯೊಳಗೆ ಇನ್ನೊಮ್ಮೆ. ನಮ್ಮ ಮುಂಗಾರಿಗೆ ಎರಡನ್ನೂ ಕೂಡಿಸಿಕೊಳ್ಳಿ: ವಾರಕ್ಕೊಮ್ಮೆ, ಮತ್ತು ಜೋರು ಮಳೆಯ ಮರುದಿನ.

ಹಂತ 1: ನೀರಿನ ದಾರಿ ಬರೆಯಿರಿ

ಏಪ್ರಿಲ್‌ನಲ್ಲೇ, ಮೊದಲ ಜೋರು ಮಳೆಗೆ ಮುನ್ನ, ಸೈಟ್ ಪ್ಲಾನಿನ ಒಂದು ಪ್ರತಿ ತೆಗೆದುಕೊಂಡು ನಡೆಯಿರಿ. ನೀರು ಎಲ್ಲಿಂದ ಒಳಬರುತ್ತದೆ, ಎಲ್ಲಿ ಹೊರಹೋಗುತ್ತದೆ, ಯಾವ ಮೋರಿ ಸೇರುತ್ತದೆ ಎಂದು ಬಾಣ ಹಾಕಿ. ಕಾವಲುಗಾರನನ್ನು ಕೇಳಿದರೆ ಎಂಜಿನಿಯರ್‌ಗಿಂತ ಚೆನ್ನಾಗಿ ಹೇಳುತ್ತಾನೆ, ಹೋದ ವರ್ಷ ಅವನ ಶೆಡ್ಡಿಗೆ ನೀರು ನುಗ್ಗಿರುತ್ತದೆ. ಹೊರಹೋಗುವ ಪ್ರತಿ ಜಾಗಕ್ಕೂ ಒಂದು ಸಂಖ್ಯೆ ಕೊಡಿ.

ಈಗ ಲೆಕ್ಕ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. ಎಕರೆಗೆ ಸುಮಾರು 4,047 ಚದರ ಮೀಟರ್, 25 ಮಿ.ಮೀ. ಬಿದ್ದರೆ ಒಂದು ಲಕ್ಷ ಲೀಟರ್. ಅಮೆರಿಕದ ನಿಯಮ ಹೂಳುಗುಂಡಿಗೆ (ಹೊರಹೋಗುವ ನೀರನ್ನು ನಿಲ್ಲಿಸಿ ಮಣ್ಣು ತಳಕ್ಕಿಳಿಯಲು ಬಿಡುವ ಗುಂಡಿ) ಕೇಳುವ ಅಳತೆಯೂ ಹೆಚ್ಚುಕಡಿಮೆ ಇಷ್ಟೇ, ಎಕರೆಗೆ 3,600 ಘನ ಅಡಿ. ಮೂಲೆಯಲ್ಲಿ ಸ್ನಾನದ ತೊಟ್ಟಿಯಷ್ಟು ಗುಂಡಿ ತೋಡಿ ‘ಹೂಳುಗುಂಡಿ’ ಎಂದು ಬೋರ್ಡ್ ನೆಟ್ಟವರನ್ನು ಕಂಡಿದ್ದೇನೆ. ಆ ಬೋರ್ಡು ಮಾತ್ರ ದೊಡ್ಡದಿತ್ತು.

ಹಂತ 2: ಮಣ್ಣನ್ನು ಒಳಗೇ ನಿಲ್ಲಿಸಿ

ನಮ್ಮ ಕಾಮಗಾರಿಗಳಲ್ಲಿ ಸುತ್ತ ಕಟ್ಟುವ ಹಸಿರು ನೆಟ್ ದೂಳಿಗೆ, ಹೂಳಿಗಲ್ಲ. ಕೆಸರು ಅದರ ಅಡಿಯಲ್ಲೇ ನುಸುಳುತ್ತದೆ. ಇಳಿಜಾರಿನ ಕೆಳಗಡೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅಂದರೆ ನೀರು ಬಿಟ್ಟು ಮಣ್ಣು ಹಿಡಿಯುವ ಬಟ್ಟೆ ಬೇಕು. ಬುಡವನ್ನು ಗೇಣುದ್ದ ನೆಲದೊಳಗೆ ಹೂತು, ಗೂಟಗಳನ್ನು ನೀರು ಬರುವ ಕಡೆಗಲ್ಲದೆ ಹಿಂಬದಿಗೆ ನೆಡಬೇಕು. ಹಿಡಿದ ಮಣ್ಣು ಬಟ್ಟೆಯ ಅರ್ಧ ಎತ್ತರಕ್ಕೆ ಬರುವ ಮೊದಲೇ ತೆಗೆಯಿರಿ. ನೀರು ಒಂದೇ ಕಡೆ ತೋಡಾಗಿ ಹರಿಯುವಲ್ಲಿ ಬಟ್ಟೆ ನಿಲ್ಲುವುದಿಲ್ಲ. ಅಲ್ಲಿ ಕಲ್ಲಿನ ಒಡ್ಡು ಹಾಕಿ.

ಗೇಟಿನ ಒಳಗೆ ಸುಮಾರು 15 ಮೀಟರ್ ಉದ್ದಕ್ಕೆ ದಪ್ಪ ಜಲ್ಲಿ ಹಾಸಿದರೆ ಟಿಪ್ಪರ್ ಚಕ್ರದ ಕೆಸರು ಅಲ್ಲೇ ಉದುರುತ್ತದೆ. ಜಲ್ಲಿ ಕೆಸರಿನಲ್ಲಿ ಹೂತುಹೋದರೆ ಮೇಲೆ ಹೊಸದು ಸುರಿಯಿರಿ. ಎಂ-ಸ್ಯಾಂಡ್ ರಾಶಿಯನ್ನು ಮೋರಿಯ ಪಕ್ಕ ಹಾಕಿಸುವುದು ಸೋಮಾರಿತನ ಅಷ್ಟೇ.

ಸಿಮೆಂಟಿನ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಟ್ರಾನ್ಸಿಟ್ ಮಿಕ್ಸರ್ (ಕಾಂಕ್ರೀಟ್ ತರುವ ಲಾರಿ) ತೊಳೆದ ಬೂದುಬಣ್ಣದ ನೀರು ಸುಣ್ಣದಷ್ಟೇ ತೀಕ್ಷ್ಣ, ಹುಳಿ–ಕ್ಷಾರ ಅಳೆಯುವ ಪಿಎಚ್ 12ರ ಆಸುಪಾಸು. ಒಳನಾಡಿನ ನೀರಿಗೆ ಬಿಡಬಹುದಾದದ್ದು 5.5ರಿಂದ 9. ಟಾರ್ಪಾಲು ಹಾಸಿದ ಗುಂಡಿಯಲ್ಲಿ ತೊಳೆಸಿ, ಗಟ್ಟಿಯಾದ ಮೇಲೆ ಒಡೆದು ಕಟ್ಟಡ ತ್ಯಾಜ್ಯಕ್ಕೆ ಸೇರಿಸಿ.

ನೆಲಮಾಳಿಗೆಯಲ್ಲಿ ನಿಂತ ನೀರನ್ನು ರಾತ್ರಿ ಮೋಟಾರ್ ಇಟ್ಟು ಹೊರಗೆ ಎಳೆಸುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಎಳೆಯಿರಿ, ಆದರೆ ಹೀರುವ ಪೈಪನ್ನು ತೂತು ಕೊರೆದ ಡ್ರಮ್ಮಿನಲ್ಲಿಟ್ಟು ಸುತ್ತ ಜಲ್ಲಿ ತುಂಬಿ. ಹೊರಬೀಳುವ ತುದಿಯನ್ನು ಹೂಳುಗುಂಡಿಗೆ ಬಿಡಿ, ಮೋರಿಗಲ್ಲ.

ಹಂತ 3: ಮಳೆಯಲ್ಲೇ ಹೋಗಿ, ಬಾಟಲಿ ಹಿಡಿಯಿರಿ

ಗುಡುಗು ಸಿಡಿಲು ಇಲ್ಲದ ಹೊತ್ತಿನಲ್ಲಿ ಕೊಡೆ ಹಿಡಿದು, ಹೊರಹೋಗುವ ಒಂದೊಂದು ಜಾಗದಲ್ಲೂ ಪಾರದರ್ಶಕ ಗಾಜಿನ ಬಾಟಲಿಗೆ ನೀರು ತುಂಬಿ. ಮುಚ್ಚಳದ ಮೇಲೆ ಜಾಗದ ಸಂಖ್ಯೆ, ಸಮಯ ಬರೆದು ಕಚೇರಿಯ ಮೇಜಿನ ಮೇಲೆ ಸಾಲಾಗಿ ಇಡಿ. ಮಳೆ ಶುರುವಾದ ಮೊದಲ ಅರ್ಧ ಗಂಟೆಯ ನೀರೇ ಬೇಕು, ನೆಲದ ಕೊಳೆಯೆಲ್ಲ ಆಗಲೇ ತೊಳೆದು ಬರುವುದು.

ಹತ್ತು ನಿಮಿಷದಲ್ಲಿ ತಳದಲ್ಲಿ ಗರಗರ ಮರಳು ಕುಳಿತು ಮೇಲಿನ ನೀರು ತಿಳಿಯಾದರೆ, ನಿಮ್ಮ ಗುಂಡಿ ಚಿಕ್ಕದಾಗಿದೆ ಅಥವಾ ತುಂಬಿದೆ ಎಂದರ್ಥ, ದೊಡ್ಡದು ಮಾಡಿಸಿ ಅಥವಾ ಹೂಳು ತೆಗೆಸಿದರೆ ಸಾಕು. ಊಟ ಮುಗಿಸಿ ಬಂದಾಗಲೂ ನೀರು ಕೆಂಪಾಗಿಯೇ ಇದ್ದರೆ ಅದು ಜೇಡಿ. ಅದನ್ನು ಯಾವ ಗುಂಡಿಯೂ ಅಷ್ಟು ಸುಲಭಕ್ಕೆ ಹಿಡಿಯುವುದಿಲ್ಲ. ಮೇಲಕ್ಕೆ ಹೋಗಿ, ಬೆತ್ತಲೆ ಬಿದ್ದ ಮಣ್ಣು ಎಲ್ಲಿದೆ ಹುಡುಕಿ, ಹುಲ್ಲು ಅಥವಾ ಟಾರ್ಪಾಲು ಹೊದಿಸಿ. ಎರಡು ವಾರ ಯಾರೂ ಮುಟ್ಟದ ರಾಶಿ ಬಯಲಾಗಿ ಇರಬಾರದು. ಮೇಲ್ಮೈಯಲ್ಲಿ ಎಣ್ಣೆಯ ಕಾಮನಬಿಲ್ಲು ತೇಲಿದರೆ ಡಿಜಿ ಸೆಟ್ಟಿನ (ಡೀಸೆಲ್ ಜನರೇಟರ್) ಕಡೆಗೆ ನಡೆಯಿರಿ.

ಹಂತ 4: ಬರೆಯುವುದು

‘ಸರಿ ಇದೆ’ ಎಂಬ ಮಾತನ್ನು ರಿಜಿಸ್ಟರ್‌ನಿಂದ ಕಿತ್ತುಹಾಕಿ. ‘ಜಾಗ 3, ಬಟ್ಟೆ ಎರಡು ಗೂಟದಷ್ಟು ಮಲಗಿದೆ, ಮೇಸ್ತ್ರಿಗೆ ಬೆಳಗ್ಗೆ 10ಕ್ಕೆ ಹೇಳಲಾಗಿದೆ, ಸಂಜೆ 4ಕ್ಕೆ ನೆಟ್ಟಿದ್ದಾರೆ’ ಎಂದು ಬರೆಯಿರಿ. ಹಿಂದಿನ ದಿನದ ಮಳೆಯ ಅಳತೆಯೂ ಇರಲಿ. ಮಳೆಮಾಪಕವನ್ನು ಹವಾಮಾನ ಇಲಾಖೆಯವರಂತೆ ಬೆಳಗ್ಗೆ 8.30ಕ್ಕೇ ಓದಿದರೆ ಅವರ ಅಂಕಿಯೊಡನೆ ಹೋಲಿಸಬಹುದು. ಸಣ್ಣ ದುರಸ್ತಿ ಮರುದಿನದ ಕೆಲಸ ಮುಗಿಯುವುದರೊಳಗೆ, ಹೊಸದಾಗಿ ಕಟ್ಟಬೇಕಾದದ್ದು ಏಳು ದಿನದೊಳಗೆ. ತಪ್ಪು ಬರೆದಿಟ್ಟು ತಿದ್ದಿದ ರಿಜಿಸ್ಟರನ್ನು ಅಧಿಕಾರಿಗಳು ನಂಬುತ್ತಾರೆ. ಒಂದು ತಪ್ಪೂ ಇಲ್ಲದ ರಿಜಿಸ್ಟರನ್ನು ನಾನೂ ನಂಬುವುದಿಲ್ಲ.

ಕಾರ್ಖಾನೆಯಾದರೆ

ಇಲ್ಲಿ ಮಣ್ಣಿಗಿಂತ ಎಣ್ಣೆ, ಬಣ್ಣ, ಗುಜರಿ ತುಕ್ಕಿನ ಚಿಂತೆ. ಮೊದಲ ತಪಾಸಣೆ ಒಣ ದಿನದಲ್ಲೇ ಮಾಡಿ: ವಾರದಿಂದ ಮಳೆಯಿಲ್ಲದಿದ್ದರೂ ಮಳೆನೀರು ಚರಂಡಿಯಲ್ಲಿ ನೀರು ಹರಿಯುತ್ತಿದ್ದರೆ ಒಳಗೆಲ್ಲೋ ತೊಳೆದ ನೀರಿನ ಪೈಪನ್ನು ಅದಕ್ಕೆ ಜೋಡಿಸಿದ್ದಾರೆ. ಹಳೆ ಎಂಜಿನ್ ಎಣ್ಣೆ ಅಪಾಯಕಾರಿ ತ್ಯಾಜ್ಯ. ಸೂರಿನಡಿ, ಸುತ್ತ ಕಟ್ಟೆ ಕಟ್ಟಿದ ಜಾಗದಲ್ಲಿಡಬೇಕು, ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಡುವಂತಿಲ್ಲ, ಅದರ ವಾರ್ಷಿಕ ವಿವರ ಜೂನ್ 30ರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕು. ಕಟ್ಟೆಯೊಳಗೆ ಮಳೆನೀರು ನಿಂತಿತೆಂದು ವಾಲ್ವ್ ತೆಗೆದವರು ಮುಚ್ಚಲು ಮರೆಯುವುದು ಮಾಮೂಲು, ಸುತ್ತಾಟದಲ್ಲಿ ಅದನ್ನು ಕೈಯಲ್ಲೇ ತಿರುವಿ ನೋಡಿ. ಒಳನಾಡಿನ ನೀರಿಗೆ ಬಿಡುವ ತ್ಯಾಜ್ಯನೀರಿಗೆ ಸಾಮಾನ್ಯ ಮಿತಿ ಲೀಟರಿಗೆ 100 ಮಿ.ಗ್ರಾಂ ತೇಲುಕಣ (ನೀರಿನಲ್ಲಿ ಕರಗದೆ ತೇಲಾಡುವ ಕಣ), 10 ಮಿ.ಗ್ರಾಂ ಎಣ್ಣೆ–ಜಿಡ್ಡು; ಮಂಡಳಿ ನಿಮಗೆ ಕೊಟ್ಟ ಒಪ್ಪಿಗೆ ಪತ್ರದಲ್ಲಿ ಇನ್ನೂ ಬಿಗಿ ಇರಬಹುದು.

ಮಂಡಳಿಯವರು ಬಂದಾಗ

ಒಳಬರುವ ಅಧಿಕಾರ ಅವರಿಗೆ ಜಲ ಕಾಯ್ದೆಯ 23ನೇ ಕಲಂನಲ್ಲೇ ಇದೆ, ಗೇಟಿನಲ್ಲಿ ನಿಲ್ಲಿಸಿ ಮಾಲೀಕರಿಗೆ ಫೋನ್ ಹಚ್ಚಬೇಡಿ. ಕಾನೂನುಬದ್ಧ ಮಾದರಿ ತೆಗೆಯುವುದಾದರೆ ನೋಟಿಸ್ ಕೊಟ್ಟು, ನೀರನ್ನು ಎರಡು ಪಾಲು ಮಾಡಿ, ಎರಡಕ್ಕೂ ಮೊಹರು ಹಾಕಿ, ಅವರೂ ನೀವೂ ಸಹಿ ಮಾಡಬೇಕು ಎನ್ನುತ್ತದೆ 21ನೇ ಕಲಂ. ನಿಮ್ಮ ಪಾಲನ್ನು ವಿನಯದಿಂದಲೇ ಕೇಳಿ ಪಡೆಯಿರಿ. ಜೊತೆಗೆ ಮೇಜಿನ ಮೇಲಿನ ಬಾಟಲಿಗಳ ಸಾಲನ್ನೂ ತೋರಿಸಿ.

ಗುಂಡಿಯಿಂದ ತೆಗೆದ ಹೂಳು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅದೇ ದಿನ ನೋಡಿ. ಜೂನ್ 31ರ ರಿಜಿಸ್ಟರ್ ಇದ್ದ ಕಾಮಗಾರಿಯಲ್ಲಿ ಅದನ್ನು ಕಾಂಪೌಂಡಿನ ಹೊರಗೆ, ಮೋರಿಯ ದಂಡೆಯ ಮೇಲೆ ನೀಟಾಗಿ ಪೇರಿಸಿಟ್ಟಿದ್ದರು.