ಒಂದು ಎಕ್ಸ್-ರೇ ಫೋಟಾನ್, ಎರಡು ಸಾವಿರ ಎಲೆಕ್ಟ್ರಾನ್: ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಹೇಗೆ?

ಸಿಲಿಕಾನ್ ತುಂಡಿನ ಮೇಲೆ ಎಕ್ಸ್-ರೇ ಬಿದ್ದರೆ ಅದರ ಒಂದು ಫೋಟಾನ್ (ಬೆಳಕಿನ ಒಂದು ಕಣ) ಒಂದು ಎಲೆಕ್ಟ್ರಾನನ್ನು ಕಿತ್ತು ಓಡಿಸುತ್ತದೆ. ಅದು ಹೋಗುವ ದಾರಿಯಲ್ಲಿ ಇನ್ನೊಂದನ್ನು ಎಬ್ಬಿಸುತ್ತದೆ, ಆ ಇನ್ನೊಂದು ಮತ್ತೊಂದನ್ನು. ಒಂದು ಪಿಕೋಸೆಕೆಂಡಿನೊಳಗೆ, ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದೊಳಗೆ, ಎಲ್ಲ ಮುಗಿದಿರುತ್ತದೆ. ಚಂದ್ರಯಾನ-2ರಲ್ಲಿದ್ದ, ಚಂದ್ರನಿಂದ ಬರುವ ಎಕ್ಸ್-ರೇ ಅಳೆಯುವ ಕ್ಲಾಸ್ ಉಪಕರಣ ನೆನಪಿದೆಯಾ? ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ರೂಪುಗೊಂಡದ್ದು. ಅದರ ಸಿಲಿಕಾನ್ ಸೆನ್ಸರ್ ಅಳೆಯುವುದೂ ಹೀಗೆ ಎದ್ದ ಎಲೆಕ್ಟ್ರಾನ್‌ಗಳ ಗುಂಪನ್ನೇ.

ಇದನ್ನು ಲೆಕ್ಕ ಹಾಕಲು ಸೂಪರ್ ಕಂಪ್ಯೂಟರ್ ಬೇಕಿಲ್ಲ. ಲ್ಯಾಪ್‌ಟಾಪ್, ಪೈಥಾನ್ ಪ್ರೋಗ್ರಾಮಿಂಗ್ ಭಾಷೆ, ಸ್ವಲ್ಪ ತಾಳ್ಮೆ ಸಾಕು. 8000 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಫೋಟಾನ್ ತೆಗೆದುಕೊಳ್ಳೋಣ. (ಶಕ್ತಿಯ ಈ ಅಳತೆಯನ್ನು ಮುಂದೆ ಚಿಕ್ಕದಾಗಿ ‘ವೋಲ್ಟ್’ ಎಂದೇ ಬರೆಯುತ್ತೇನೆ.)

ಹೆಜ್ಜೆ 1: ಫೋಟಾನ್ ಎಲ್ಲಿ ನಿಂತಿತು?
ಈ ಶಕ್ತಿಯ ಫೋಟಾನ್ ಸಿಲಿಕಾನ್‌ನಲ್ಲಿ ಸರಾಸರಿ 70 ಮೈಕ್ರಾನ್ ದೂರ ಹೋಗುತ್ತದೆ. 0 ಮತ್ತು 1ರ ನಡುವಿನ ಒಂದು ರ್ಯಾಂಡಮ್ ಸಂಖ್ಯೆ ತೆಗೆಯಿರಿ. ಅದರ ನೈಸರ್ಗಿಕ ಲಾಗ್ ಅನ್ನು −70ರಿಂದ ಗುಣಿಸಿ. 0.5 ಬಂದರೆ ಆಳ 48.5 ಮೈಕ್ರಾನ್. ಇದೇ ಮಾಂಟೆ ಕಾರ್ಲೊ ವಿಧಾನ. 1940ರ ದಶಕದಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಗಣಿತಜ್ಞರಾದ ಉಲಾಮ್ ಮತ್ತು ಫಾನ್ ನಾಯ್ಮನ್ ಇದಕ್ಕೆ ರೂಪ ಕೊಟ್ಟರು.

ಹೆಜ್ಜೆ 2: ಯಾವ ಎಲೆಕ್ಟ್ರಾನ್ ಹೊರಬಿತ್ತು?
ಹೆಚ್ಚಿನ ಸಲ ತೀರಾ ಒಳಗಿನ ಕೆ ಕವಚದ್ದೇ. ಅದನ್ನು ಬಿಡಿಸಲು 1839 ವೋಲ್ಟ್ ಖರ್ಚು. ಉಳಿದ 6161 ಅದರ ಓಟಕ್ಕೆ.

ಹೆಜ್ಜೆ 3: ಖಾಲಿ ಜಾಗ ಮರೆಯಬೇಡಿ
ಹೊಸಬರು ಎಡವುವುದು ಇಲ್ಲೇ. ಖಾಲಿಯಾದ ಜಾಗಕ್ಕೆ ಮೇಲಿನ ಎಲೆಕ್ಟ್ರಾನ್ ಇಳಿಯುತ್ತದೆ. ಆಗ ಉಳಿಯುವ ಶಕ್ತಿ ಸಿಲಿಕಾನ್‌ನಲ್ಲಿ ನೂರಕ್ಕೆ ಸುಮಾರು 95 ಸಲ ಇನ್ನೊಂದು ಎಲೆಕ್ಟ್ರಾನನ್ನು ಹೊರಗೆ ತಳ್ಳುತ್ತದೆ. ಉಳಿದ ಸಲ ಎಕ್ಸ್-ರೇ ಆಗಿ ಹೋಗುತ್ತದೆ. ಹಾಗೆ ಹೊರಬಿದ್ದದ್ದು ಓಜೆ ಎಲೆಕ್ಟ್ರಾನ್, ಶಕ್ತಿ ಸುಮಾರು 1600 ವೋಲ್ಟ್. ಭೌತವಿಜ್ಞಾನಿ ಲೀಸ್ ಮೈಟ್ನರ್ 1922ರಲ್ಲೇ ಇದನ್ನು ಬರೆದಿದ್ದರು. ಹೆಸರು ಮಾತ್ರ ಪಿಯರ್ ಓಜೆಗೆ ಹೋಯಿತು!

ಹೆಜ್ಜೆ 4: ಸಾಲು ಮತ್ತು ಸುತ್ತು
ಹುಟ್ಟಿದ ಎಲೆಕ್ಟ್ರಾನ್‌ಗಳನ್ನೆಲ್ಲ ಒಂದು ಲಿಸ್ಟಿಗೆ ಹಾಕಿ. ಒಂದನ್ನು ಹೊರತೆಗೆದು, ಮೊದಲಿನ ಸೂತ್ರದಿಂದಲೇ ಎಷ್ಟು ದೂರ ಓಡುತ್ತದೆ ನೋಡಿ. ಈಗ ಮೈಕ್ರಾನ್ ಲೆಕ್ಕ ಅಲ್ಲ, ನ್ಯಾನೋಮೀಟರ್ ಲೆಕ್ಕ. ಡಿಕ್ಕಿ ಎರಡು ಬಗೆ. ಒಂದರಲ್ಲಿ ದಿಕ್ಕಷ್ಟೇ ಬದಲಾಗುತ್ತದೆ. ಇನ್ನೊಂದರಲ್ಲಿ ಶಕ್ತಿ ಹಂಚಿಹೋಗಿ ಹೊಸ ಎಲೆಕ್ಟ್ರಾನ್ ಹುಟ್ಟುತ್ತದೆ. ಅದನ್ನೂ ಲಿಸ್ಟಿಗೆ ಸೇರಿಸಿ. ದಾರಿಯಲ್ಲಿ ಹರಳಿನ ಕಂಪನಕ್ಕೆ ಶಾಖವಾಗಿ ಹೋಗುವ ಶಕ್ತಿಯನ್ನೂ ಕಳೆಯುತ್ತಿರಿ. ಲಿಸ್ಟ್ ಖಾಲಿಯಾಗುವವರೆಗೆ ಇದೇ ಕೆಲಸ.

ಡಿಕ್ಕಿಯ ಸಾಧ್ಯತೆಗೆ ಟೇಬಲ್‌ಗಳು ಸಿಗುತ್ತವೆ. ಆದರೆ ಶಕ್ತಿ ಕೆಲವು ಹತ್ತುಗಳಷ್ಟು ವೋಲ್ಟ್‌ಗೆ ಇಳಿದಾಗ ಬಿಡಿ ಪರಮಾಣುವಿನ ಟೇಬಲ್ ನಂಬಬೇಡಿ. ಅಲ್ಲಿ ಇಡೀ ಘನವಸ್ತು ಒಟ್ಟಾಗಿ ಪ್ರತಿಕ್ರಿಯಿಸುತ್ತದೆ. ಆ ವಸ್ತುವಿನದೇ ಡೈಎಲೆಕ್ಟ್ರಿಕ್ (ವಿದ್ಯುತ್ ಕ್ಷೇತ್ರಕ್ಕೆ ಅದು ಸ್ಪಂದಿಸುವ ಬಗೆಯ) ಅಂಕಿಅಂಶ ಬೇಕು.

ಹೆಜ್ಜೆ 5: ನಿಲ್ಲಿಸುವುದು ಎಲ್ಲಿ?
ಸಿಲಿಕಾನ್‌ನ ಬ್ಯಾಂಡ್ ಗ್ಯಾಪ್, ಅಂದರೆ ಒಂದು ಎಲೆಕ್ಟ್ರಾನ್ ಎಬ್ಬಿಸಲು ಬೇಕಾದ ಕನಿಷ್ಠ ಶಕ್ತಿ, 1.12 ವೋಲ್ಟ್. ಅದಕ್ಕಿಂತ ಕಡಿಮೆ ಶಕ್ತಿ ಉಳಿದ ಎಲೆಕ್ಟ್ರಾನ್ ಹೊಸದನ್ನು ಎಬ್ಬಿಸಲಾರದು. ಅದನ್ನು ಎಣಿಸಿ ಬಿಟ್ಟುಬಿಡಿ.

ಈಗ ತಾಳೆ ನೋಡುವ ಕೆಲಸ. ನನ್ನ ಪ್ರಕಾರ ಅಸಲಿ ಕೆಲಸ ಇದೇ. ದೊಡ್ಡ ನೋಟಿಗೆ ಚಿಲ್ಲರೆ ತಂದ ಮೇಲೆ ಎಣಿಸುವುದಿಲ್ಲವೇ, ಹಾಗೆ 8000 ವೋಲ್ಟಿನ ಲೆಕ್ಕ ಪೂರ್ತಿ ಸಿಗಬೇಕು. ಪ್ರಯೋಗಗಳ ಪ್ರಕಾರ ಸಿಲಿಕಾನ್‌ನಲ್ಲಿ ಒಂದು ಎಲೆಕ್ಟ್ರಾನ್ ಎಬ್ಬಿಸಲು ಸರಾಸರಿ 3.65 ವೋಲ್ಟ್ ಬೇಕು. ಅಂದರೆ ಉತ್ತರ 2200ರ ಆಸುಪಾಸು ಇರಬೇಕು. 1700 ಬಂತಾ? ಮೂರನೇ ಹೆಜ್ಜೆ ಬಿಟ್ಟಿದ್ದೀರಿ. 7000 ಬಂತಾ? ಪ್ರತಿ ಎಲೆಕ್ಟ್ರಾನ್‌ಗೂ ಬರೀ 1.12 ಕೊಟ್ಟು, ಹರಳಿನ ಕಂಪನಕ್ಕೆ ಹೋಗುವ ಶಾಖವನ್ನು ಮರೆತಿದ್ದೀರಿ.

ಕೊನೆಗೆ ಸಾವಿರ ಫೋಟಾನ್ ಓಡಿಸಿ, ಪ್ರತಿ ಸಲದ ಉತ್ತರ ಎಷ್ಟು ಏರುಪೇರಾಗುತ್ತದೆ ನೋಡಿ. ಸುಮ್ನೆ 2200ರ ವರ್ಗಮೂಲ ಹಾಕಿದರೆ 47 ಬರುತ್ತದೆ. ನಿಜಕ್ಕೂ ಬರಬೇಕಾದ್ದು 16ರ ಹತ್ತಿರ. ಒಟ್ಟು ಶಕ್ತಿ ಮೊದಲೇ ಗೊತ್ತಾಗಿರುವುದರಿಂದ ಒಂದು ಡಿಕ್ಕಿ ಜಾಸ್ತಿ ತಿಂದರೆ ಮುಂದಿನವಕ್ಕೆ ಕಡಿಮೆ ಉಳಿಯುತ್ತದೆ, ಅಲ್ವಾ? 1947ರಲ್ಲಿ ಭೌತವಿಜ್ಞಾನಿ ಉಗೊ ಫಾನೊ ತೋರಿಸಿದ್ದು ಇದನ್ನೇ. ಸಿಲಿಕಾನ್ ಸೆನ್ಸರ್‌ಗಳು ಹತ್ತಿರ ಹತ್ತಿರದ ಶಕ್ತಿಯ ಎಕ್ಸ್-ರೇಗಳನ್ನೂ ಬೇರೆ ಬೇರೆ ಗುರುತಿಸಬಲ್ಲವು ಎಂದರೆ ಅದು ಈ 16ರಿಂದಾಗಿ.